ಅವರಕ್ತ ಕಿರಣವೂ ಅಕ್ಕನ ಎಡಗೈಯೂ

ನಾನು ಸಂಶಯದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಡುವೆಲ್ಲೋ ನೀವಾಗಿಯೇ ಕಂಡುಹಿಡಿದು, ಇವನು ಯಾಕೆ ಮುಚ್ಚಿಟ್ಟ ಎಂದು ನನ್ನ ಮೇಲೇ ಸಂಶಯಪಡುತ್ತೀರಿ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುತ್ತೇನೆ. ಕಂಡಕ್ಟರ್ ಹೇಳಿದ ಮೇಲೆ ಒಳಗೆ ಕೂತವರನ್ನು ಕೇಳುತ್ತೇನೆ. ಕಲ್ಲಂಗಡಿ ಕೊಳ್ಳುವಾಗ ಅಂಗಡಿಯವನು ಮುಂದಿಟ್ಟದ್ದನ್ನೆಲ್ಲ ಬಾರಿಸಿ ನೋಡಿ, ಕೊನೆಗೆ ಅವನು ಮುಂದಿಡದೆ ಇದ್ದದ್ದನ್ನು ತರುತ್ತೇನೆ. ಅದು ಒಳಗೆ ಬೆಳ್ಳಗೇ ಇರುತ್ತದೆ, ಆ ಮಾತು ಬೇರೆ. ಮದುವೆಗೆ ಮುಂಚೆ ಹೆಣ್ಣು ನೋಡಲು ಮೂರು ಸಲ ಬಂದವರು ನೀವೊಬ್ಬರೇ ಎಂದು ನನ್ನ ಹೆಂಡತಿ ಸುಶೀಲಾ ಇಂದಿಗೂ ಹಂಗಿಸುತ್ತಾಳೆ. ಮೂರನೆಯ ಸಲ ಹೋದದ್ದು, ಮೊದಲೆರಡು ಸಲ ತೋರಿಸಿದ್ದು ಒಬ್ಬಳನ್ನೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು.

ತಪ್ಪು ನನ್ನೊಬ್ಬನದಲ್ಲ. ನಾನು ಹುಟ್ಟಿದ್ದು ಆಳಂದದಲ್ಲಿ. ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ, ಉರ್ದುವಿನಲ್ಲಿ ಚೌಕಾಶಿ ಮಾಡಿ, ಮರಾಠಿಯಲ್ಲಿ ಜಗಳ ಮುಗಿಸುವ ಊರು ಅದು. ಮೂರು ಭಾಷೆಗಳಲ್ಲಿ ಮೋಸಹೋಗುವ ಸೌಕರ್ಯ ಇರುವ ಕಡೆ ಬೆಳೆದವನಿಗೆ ಸಂಶಯ ಯಾರೂ ಕಲಿಸದೆಯೇ ಬರುತ್ತದೆ. ಮುಂದೆ ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಸಂಬಳ ಪಡೆದು ಸಂಶಯಪಡುವ ಕೆಲಸ ಇದೊಂದೇ ಎಂದು ನನ್ನ ತಿಳಿವಳಿಕೆ. ಪೊಲೀಸರದೂ ಇದೆ ಎಂದು ಆಮೇಲೆ ಗೊತ್ತಾಯಿತು.

ಇಂಥ ನನಗೆ ಕೆಂಪು ಬಣ್ಣವೆಂದರೆ ಮೊದಲಿನಿಂದ ಅಷ್ಟಕ್ಕಷ್ಟೇ. ನೀವೇ ವಿಚಾರ ಮಾಡಿ. ನಿಂತುಕೋ ಎನ್ನುವ ದೀಪ ಕೆಂಪು. ಅಪಾಯ ಎಂದು ಕರೆಂಟಿನ ಕಂಬಕ್ಕೆ ಬಡಿದ ತಗಡಿನ ಬರಹ ಕೆಂಪು. ಎರಡೇ ಸಾಕು ಎಂದು ಗೋಡೆಗೋಡೆಗೂ ಬರೆದ ತ್ರಿಕೋನ ಕೆಂಪು. ಯಾವ ಹೊತ್ತಿಗೆ ಬರುತ್ತದೆಂದು ಹೇಳಲಾಗದ ಸರಕಾರಿ ಬಸ್ಸೂ ಕೆಂಪೇ. ಒಳ್ಳೆಯ ಸುದ್ದಿಯನ್ನು ಯಾರೂ ಕೆಂಪಿನಲ್ಲಿ ತಿಳಿಸುವುದಿಲ್ಲ. ಆದ್ದರಿಂದ, ಎಂಬತ್ತರ ದಶಕದ ನಡುವೆ ಒಂದು ದಿನ, ನಮ್ಮೂರಿಗೆ ನೋವು ಕಳೆಯುವ ಕೆಂಪು ದೀಪ ಬಂದಿದೆಯೆಂದು ಕೇಳಿದಾಗ, ನೋವು ಇದ್ದವರು ಅತ್ತ ಓಡಿದರು, ನಾನು ಜೇಬು ಮುಟ್ಟಿ ನೋಡಿಕೊಂಡೆ.

ಜೇಬು ಮುಟ್ಟಿಕೊಂಡು ಸುಮ್ಮನಿರಬಹುದಿತ್ತು. ಇರಗೊಡದೆ ಇದ್ದದ್ದು ನನ್ನ ಅಕ್ಕ ನೀಲಮ್ಮನ ಎಡಗೈ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನನ್ನನ್ನು ಬಗಲಲ್ಲಿ ಎತ್ತಿಕೊಂಡೇ ಆಳಂದದ ಓಣಿಗಳಲ್ಲಿ ಕುಂಟಾಬಿಲ್ಲೆ ಆಡಿದವಳು. ಅವಳನ್ನು ಕೊಟ್ಟದ್ದು ಅಫಜಲಪುರ ತಾಲೂಕಿನ ಚೌಡಾಪುರಕ್ಕೆ. ಗಾಣಗಾಪುರಕ್ಕೆ ಹೋಗುವ ಭಕ್ತರೆಲ್ಲ ಅಲ್ಲಿ ಇಳಿದು ಒಂದು ಕಪ್ಪು ಚಹಾ ಕುಡಿಯದೆ ಮುಂದೆ ಹೋಗುವುದಿಲ್ಲ; ಆ ರಸ್ತೆಯ ಬದಿಗೇ ಅವಳ ಗಂಡನ ಖಾನಾವಳಿ. ದುಡ್ಡಿನ ಗಲ್ಲೆಯ ಮೇಲೆ ಮಾವ, ಅಂದರೆ ಅಕ್ಕನ ಗಂಡ; ಒಲೆಯ ಮುಂದೆ ಅಕ್ಕ. ಆ ವರ್ಷ ಶಿವರಾತ್ರಿಗೆ ನಾನು ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಅಕ್ಕ ಪೂಜೆಗೆ ಕೂತಿದ್ದಳು. ನಮ್ಮ ಮನೆಗಳಲ್ಲಿ ಪೂಜೆಗೆ ಗುಡಿಯ ಹಂಗಿಲ್ಲ. ಕೊರಳಿನಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣಿನ ಎತ್ತರಕ್ಕೆ ಹಿಡಿದು, ಅದನ್ನೇ ನೋಡುತ್ತ ಕೂರುವುದು. ಅಕ್ಕ ಹಾಗೆ ಕೂತರೆ ಕೈ ಗೂಟ ಬಡಿದಂತೆ ನಿಲ್ಲುತ್ತಿತ್ತು. ಆ ದಿನ ನೋಡಿದರೆ ಕೈ ತೊಡೆಯ ಮೇಲಿದೆ, ತಲೆ ಎದೆಗಿಂತ ಕೆಳಗೆ ಬಾಗಿದೆ. ನಿದ್ದೆ ಹೋಗಿದ್ದಾಳೆ ಎಂದುಕೊಂಡೆ.

“ಯಕ್ಕಾ, ಪೂಜಿ ಮಾಡ್ಕೋತ ತೂಕಡಸಾಕತ್ತಿಯಲ್ಲ?” ಎಂದು ನಗೆಯಾಡಿದೆ.

“ತೂಕಡಕಿ ಅಲ್ಲೋ ತಮ್ಮಾ,” ಎಂದಳು, ತಲೆ ಎತ್ತದೆ. “ಕೈ ಮ್ಯಾಲ ಏಳವಲ್ದು. ಲಿಂಗಯ್ಯ ಮ್ಯಾಲ ಬರಂಗಿಲ್ಲಂದ್ರ ನಾನ ಕೆಳಗ ಹೋಗಬೇಕಲ್ಲ.”

“ಎಷ್ಟ ದಿನಾತು?”

“ದಸರಾದಿಂದ.”

ದಸರೆಯಿಂದ ಶಿವರಾತ್ರಿಗೆ ಐದು ತಿಂಗಳು. ಐದು ತಿಂಗಳು ಆ ಮನೆಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಬಲಗೈ ಆಗಿದ್ದರೆ ಅದೇ ದಿನ ಮಧ್ಯಾಹ್ನ ಊರಿಗೆಲ್ಲ ಗೊತ್ತಾಗುತ್ತಿತ್ತು, ಏಕೆಂದರೆ ರೊಟ್ಟಿ ನಿಲ್ಲುತ್ತಿತ್ತು. ಎಡಗೈಯಾದ್ದರಿಂದ ತಿಳಿದದ್ದು ಅವಳಿಗೆ ಮತ್ತು ಲಿಂಗಯ್ಯನಿಗೆ. ಕುಪ್ಪಸ ತೊಡಲು, ಹೆರಳು ಹಾಕಿಕೊಳ್ಳಲು ಅಳುವಷ್ಟು ಕಷ್ಟವಾಗುತ್ತಿತ್ತಂತೆ. ಅದನ್ನೆಲ್ಲ ಬಾಗಿಲು ಹಾಕಿಕೊಂಡು ಮಾಡುತ್ತಾರಲ್ಲ, ಯಾರು ನೋಡಬೇಕು? ಅದಕ್ಕೆ ಅವಳು ಹೊಂದಿಕೊಂಡಿದ್ದಳು. ಪೂಜೆಯೊಂದು ಮಾತ್ರ ಅವಳ ಜೀವ ತಿನ್ನುತ್ತಿತ್ತು. “ತೊಡಿ ಮ್ಯಾಲ ಕುಂಡರ್ಸಿ ಪೂಜಿ ಮಾಡೂದಂದ್ರ ಕೂಸಿಗೆ ಹಾಲು ಕುಡಿಸಿದಂಗ ಆಗ್ತದೋ. ಅಂವಾ ಏನ್ ಕೂಸೇನು?” ಎಂದಳು. ನನಗೆ ನಗು ಬಂತು, ನಗಲು ಮನಸ್ಸು ಬರಲಿಲ್ಲ.

ಸುದ್ದಿ ಹೊರಬಿದ್ದ ಕೂಡಲೇ ಔಷಧ ಹೇಳುವವರಿಗೆ ಬರ ಬರಲಿಲ್ಲ. ಎಕ್ಕದ ಎಲೆಗೆ ಔಡಲೆಣ್ಣೆ ಸವರಿ, ಬಿಸಿ ಮಾಡಿ ಕಟ್ಟು ಎಂದರು ಒಬ್ಬರು. ಉಪ್ಪು ಹುರಿದು ಗಂಟು ಮಾಡಿ ಕಾಸು ಎಂದರು ಇನ್ನೊಬ್ಬರು. ಅಫಜಲಪುರದ ಹತ್ತಿರ ಒಬ್ಬ ಭುಜಕ್ಕೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುತ್ತಾನೆಂದೂ, ಹಾಕಿಸಿಕೊಂಡವರು ಮತ್ತೆ ನೋವು ಎಂದು ಬಾಯಿ ಬಿಟ್ಟದ್ದೇ ಇಲ್ಲವೆಂದೂ ಮಾವ ಹೇಳಿದರು. ಬಾಯಿ ಬಿಟ್ಟರೆ ಇನ್ನೊಂದು ಬರೆ ಬೀಳುತ್ತದಲ್ಲ! ನಾನು ಅದೇ ದಿನ ಅಕ್ಕನನ್ನು ಜೇವರ್ಗಿಗೆ ಕರೆದುಕೊಂಡು ಬಂದೆ.

ಡಾಕ್ಟರು ಕೈಯನ್ನು ಮುಂದೆ ಹಿಂದೆ ಎತ್ತಿ ನೋಡಿ, ಭುಜದ ಕೀಲು ಬಿಗಿದುಕೊಂಡಿದೆ, ಹೆದರಬೇಡಿ ಎಂದರು. ನಡುವಯಸ್ಸಿನ ಹೆಂಗಸರಿಗೆ ಬರುವುದುಂಟು, ಬಹಳ ಸಲ ತಾನಾಗಿಯೇ ಸಡಿಲಾಗುತ್ತದೆ, ಆದರೆ ವರ್ಷವೂ ಹಿಡಿಯಬಹುದು, ಎರಡೂ ಹಿಡಿಯಬಹುದು ಎಂದರು. ದಿನಾ ಕೈಗೆ ವ್ಯಾಯಾಮ ಕೊಡಬೇಕು, ವ್ಯಾಯಾಮಕ್ಕೆ ಮುಂಚೆ ಶಾಖ ಕೊಟ್ಟರೆ ನೋವು ತಡೆದುಕೊಳ್ಳಲು ಅನುಕೂಲ. “ಬಿಜಾಪುರ ರೋಡಿನಾಗ ರಾಚಣ್ಣನ ಕೆಂಪ ದೀಪ ಅದಲ್ಲ, ಅಲ್ಲಿಗೆ ಹೋಗ್ರಿ,” ಎಂದು ಚೀಟಿ ಬರೆದುಕೊಟ್ಟರು. ಚೀಟಿಯನ್ನು ತಿರುವಿ ಮುರುವಿ ನೋಡಿದೆ. ಡಾಕ್ಟರಿಗೂ ರಾಚಣ್ಣನಿಗೂ ಏನಾದರೂ ನಂಟಸ್ತಿಕೆ ಇದೆಯೇ ಎಂದು ಕಾಂಪೌಂಡರನನ್ನು ಕೇಳಿದೆ. ಇಲ್ಲ ಎಂದ. ಅಷ್ಟು ಬೇಗ ಇಲ್ಲ ಎಂದದ್ದೇ ನನಗೆ ಸರಿಬರಲಿಲ್ಲ.

ರಾಚಣ್ಣ ಸೊಲ್ಲಾಪುರದ ಒಂದು ಎಲುಬಿನ ದವಾಖಾನೆಯಲ್ಲಿ ಹದಿನೈದು ವರ್ಷ ಶಾಖ ಕೊಡುವ ಕೋಣೆಯಲ್ಲಿ ಕೆಲಸ ಮಾಡಿ, ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದ್ದವನು. ಅರಿವೆ ಅಂಗಡಿಯ ಹಿಂದೆ ಒಂದು ಕೋಣೆ, ಹೊರಗೆ ಒಂದು ಬೆಂಚು, ಒಳಗೆ ಒಂದು ಸ್ಟೂಲು, ಒಂದು ಅಲಾರಾಂ ಗಡಿಯಾರ. ನಡುವೆ ಕಬ್ಬಿಣದ ಕಾಲಿನ ಮೇಲೆ, ಕತ್ತು ಬಾಗಿಸಿದರೆ ಬಾಗುವ ದೀಪ. ಬಲ್ಬು ದೊಡ್ಡ ಬದನೆಕಾಯಿಯ ಗಾತ್ರ. ಹಿಂದೆ ಬೆಳ್ಳಿಯ ಲೇಪ, ಮುಂದೆ ಕೆಂಪು ಗಾಜು. ಹಚ್ಚಿದರೆ ಕೋಣೆಯೆಲ್ಲ ಕೆಂಪಾಗಿ, ರಾಚಣ್ಣನಂಥ ಸಾಧು ಮನುಷ್ಯನೂ ನಾಟಕದ ರಾಕ್ಷಸನ ಹಾಗೆ ಕಾಣುತ್ತಿದ್ದ.

ನನ್ನ ಮೊದಲನೆಯ ಸಂಶಯ ಶಾಖದ್ದೇ. ಶಿವರಾತ್ರಿ ಮುಗಿದರೆ ಜೇವರ್ಗಿಯ ಬಿಸಿಲು ಏನೆಂದು ಬಲ್ಲವರೇ ಬಲ್ಲರು. ಮಧ್ಯಾಹ್ನ ಹೊರಗಿಟ್ಟ ಕೊಡದ ಕಂಠ ಹಿಡಿದು ಎತ್ತಿದರೆ ಕೈ ಸುಡುತ್ತದೆ. ದೇವರು ಪುಕ್ಕಟೆಯಾಗಿ, ಬೇಡವೆಂದರೂ ಬಿಡದೆ ಕೊಡುವ ವಸ್ತುವನ್ನು ಕೋಣೆಯೊಳಗೆ ಕೂತು ಕರೆಂಟಿನಿಂದ ಪಡೆಯುವುದೆಂದರೆ, ಭೀಮಾ ನದಿಯ ದಂಡೆಯ ಘತ್ತರಗಿಯಲ್ಲಿ ಕೂತು ನೀರು ಕೊಂಡುಕೊಂಡ ಹಾಗಲ್ಲವೇ? ಕೇಳಿಯೇಬಿಟ್ಟೆ.

“ಬಿಸಿಲು ಮೈಯೆಲ್ಲಾ ಬಡೀತದ್ರಿ ಮಾಸ್ತರ,” ಎಂದ ರಾಚಣ್ಣ. “ಇದು ಬೇಕಾದ ಜಾಗಕ್ಕಷ್ಟ, ಬೇಕಾದಷ್ಟ. ಬಿಸಿಲಿಗೆ ಸಾಕು ನಿಲ್ಲು ಅಂದ್ರ ನಿಲ್ತದೇನ್ರಿ?” ಮಾತು ಸರಿಯಾಗಿತ್ತು. ಮಾತು ಸರಿಯಾಗಿದ್ದರೆ ನನಗೆ ಇನ್ನಷ್ಟು ಗುಮಾನಿ.

ಎರಡನೆಯ ಸಂಶಯಕ್ಕೆ ಅವನೇ ದಾರಿ ಮಾಡಿಕೊಟ್ಟ. “ಅಕ್ಕಾರ, ಮೈಮ್ಯಾಲಿನ ಬೆಳ್ಳಿ ಬಂಗಾರ ತಗದ ಇಡ್ರಿ,” ಎಂದ. ಸರ ಬಿಚ್ಚಿಸಿ ಪಾಲಿಶು ಮಾಡಿಕೊಡುತ್ತೇವೆಂದು ಬಂದವರ ಕಥೆ ನಮ್ಮ ಓಣಿಯಲ್ಲಿ ಕೂಸುಗಳಿಗೂ ಬಾಯಿಪಾಠ. ನಾನು ಎದ್ದು ನಿಂತೆ. ರಾಚಣ್ಣ ನಗದೆ ಹೇಳಿದ: ಲೋಹ ಕಾವು ಹಿಡಿದುಕೊಳ್ಳುತ್ತದೆ, ಚರ್ಮಕ್ಕಿಂತ ಬೇಗ ಕಾಯುತ್ತದೆ, ತಗುಲಿದಲ್ಲಿ ಬೊಬ್ಬೆ ಏಳುತ್ತದೆ. ಇದು ನಾನೇ ಎಂಟನೆಯ ಇಯತ್ತೆಗೆ ಕಲಿಸುವ ಪಾಠ. ಅಕ್ಕ ಕೊರಳಿನ ಬಂಗಾರದ ಬೋರಮಾಳ ಬಿಚ್ಚಿ ಕೊಟ್ಟಳು. ಆದರೆ ಎದೆಯ ಮೇಲೆ ಬೆಳ್ಳಿಯ ಗುಂಡಗಡಗಿ ಇತ್ತಲ್ಲ, ಅದರೊಳಗೆ ಲಿಂಗ. ಅದಕ್ಕೆ ಕೈ ಅಡ್ಡ ಹಿಡಿದುಕೊಂಡಳು. ಲಿಂಗ ಮೈಬಿಟ್ಟು ಒಂದು ಕ್ಷಣವೂ ಇರಕೂಡದು. ಕೈ ಹೋದರೂ ಚಿಂತೆಯಿಲ್ಲ, ಲಿಂಗ ತೆಗೆಯುವುದಿಲ್ಲ ಎಂದಳು. ಯಾವ ಕೈ ಎತ್ತಿ ಲಿಂಗವನ್ನು ಹಿಡಿಯಬೇಕೋ ಆ ಕೈ ಏಳಬೇಕಾದರೆ ಲಿಂಗವನ್ನು ಕೆಳಗಿಡಬೇಕು! ರಾಚಣ್ಣನೂ ಲಿಂಗ ಕಟ್ಟಿದವನೇ. ತನ್ನ ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಅವನ ಲಿಂಗ ಬಿಳಿ ಅರಿವೆಯಲ್ಲಿ ಕಟ್ಟಿತ್ತು. “ಮನಿ ಬ್ಯಾರೆ ಮಾಡ್ರಿ ಅಕ್ಕಾರ, ಒಳಗಿದ್ದಾಂವ ಅಲ್ಲೇ ಇರಲಿ,” ಎಂದ. ಅಕ್ಕ ಗೋಡೆಯ ಕಡೆ ತಿರುಗಿ, ಲಿಂಗವನ್ನು ಅರಿವೆಗೆ ಬದಲಿಸಿಕೊಂಡು, ಖಾಲಿ ಗುಂಡಗಡಗಿಯನ್ನು ನನ್ನ ಕೈಗಿತ್ತಳು. ಅದನ್ನು ಅಂಗಿಯ ಒಳಜೇಬಿನಲ್ಲಿ ಹಾಕಿ, ಮೇಲೆ ಕೈ ಇಟ್ಟುಕೊಂಡು ಕೂತೆ.

ಇನ್ನು ಕೆಲಸದ ರೀತಿ ಹೇಳುತ್ತೇನೆ, ನಿಮಗೂ ಎಂದಾದರೂ ಪ್ರಸಂಗ ಬರಬಹುದು. ಮೊದಲು ರಾಚಣ್ಣ ಎರಡು ಸ್ಟೀಲ್ ಲೋಟ ತರುತ್ತಿದ್ದ, ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನ ನೀರು. ಕಣ್ಣು ಮುಚ್ಚಿಸಿ, ನೋವಿರುವಲ್ಲಿ ಒಂದೊಂದಾಗಿ ತಾಗಿಸಿ, ಯಾವುದು ಬಿಸಿ ಯಾವುದು ತಂಪು ಎಂದು ಕೇಳುತ್ತಿದ್ದ. ಸರಿಯಾಗಿ ಹೇಳಿದವರಿಗೆ ಮಾತ್ರ ದೀಪ. ಒಂದು ದಿನ ಸಕ್ಕರೆ ಕಾಯಿಲೆಯ ಒಬ್ಬ ಸಾಹುಕಾರ ಅಂಗಾಲಿಗೆ ತಾಗಿಸಿದ ಎರಡನ್ನೂ ತಂಪು ಎಂದದ್ದಕ್ಕೆ, ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ, ದೀಪ ಬೇಡ ಎಂದು ಕೈಮುಗಿದು ಕಳಿಸಿಬಿಟ್ಟ. ಬಂದ ಗಿರಾಕಿಯನ್ನು ಹಿಂದೆ ಕಳಿಸುವ ಮೋಸಗಾರನನ್ನು ನಾನು ಕಂಡಿರಲಿಲ್ಲ. ಆ ದಿನ ನನ್ನ ಸಂಶಯಕ್ಕೆ ತುಸು ಮುಜುಗರವಾಯಿತು. ಲೋಟದ ಪರೀಕ್ಷೆ ಮುಗಿದ ಮೇಲೆ ದೀಪವನ್ನು ಒಂದೂವರೆ ಮೊಳ ದೂರ ನಿಲ್ಲಿಸಿ, ಮೊದಲು ತನ್ನ ಅಂಗೈ ಒಡ್ಡಿ ನೋಡಿ, ಆಮೇಲೆ ಅಕ್ಕನ ಭುಜಕ್ಕೆ ಬಿಡುತ್ತಿದ್ದ. ಕಣ್ಣಿಗೆ ಅರಿವೆ. ಬೆಚ್ಚಗೆ ಹಿತವಾಗಿರಬೇಕು, ಚುರುಗುಟ್ಟಿದರೆ ಹೇಳಬೇಕು. ಇಪ್ಪತ್ತು ನಿಮಿಷಕ್ಕೆ ಅಲಾರಾಂ. ನಡುವೆ ವೋಲ್ಟೇಜು ಇಳಿದರೆ ದೀಪ ಆರುವ ಕೆಂಡದ ಬಣ್ಣಕ್ಕೆ ತಿರುಗುತ್ತಿತ್ತು. ಕರೆಂಟು ಹೋದರೆ ಎಲ್ಲರೂ ಭುಜ ಮೊಣಕಾಲು ತೆರೆದುಕೊಂಡು, ಬರುತ್ತದೆ ಬರುತ್ತದೆ ಎಂದು ಕತ್ತಲೆಯಲ್ಲಿ ಕೂರುವುದು.

ದೀಪದ ಕೆಲಸ ಅಷ್ಟೇ. ಅದು ಕೀಲನ್ನು ಬಿಚ್ಚುವುದಿಲ್ಲ, ಬಿಚ್ಚುವವರಿಗೆ ಧೈರ್ಯ ಕೊಡುತ್ತದೆ ಎಂದು ರಾಚಣ್ಣನೇ ಹೇಳುತ್ತಿದ್ದ. ಶಾಖ ಆರುವ ಮುನ್ನ ಗೋಡೆಗೆ ಬೆರಳು ಹಚ್ಚಿ, ಇರುವೆ ಏರಿದ ಹಾಗೆ ಮೇಲೆ ಮೇಲೆ ಏರಿಸಬೇಕು. ಅದನ್ನು ಮನೆಯಲ್ಲೂ ಮಾಡಿಸುತ್ತಿದ್ದೆ. ಹೇಗಿದೆ ಎಂದರೆ “ಸುಮಾರ ಅದ” ಎನ್ನುವುದು ಅಕ್ಕನ ಪದ್ಧತಿ. ಇಂಥ ಉತ್ತರದಲ್ಲಿ ನನಗೆ ವಿಶ್ವಾಸವಿಲ್ಲ. ಆದ್ದರಿಂದ ಅವಳ ನಡುಬೆರಳು ಮುಟ್ಟಿದಲ್ಲಿ ಸೀಮೆಸುಣ್ಣದಿಂದ ದಿನಾ ಗೆರೆ ಎಳೆಯುತ್ತಿದ್ದೆ. ಮೊದಲ ಹತ್ತು ದಿನದಲ್ಲಿ ಗೆರೆ ನಾಲ್ಕು ಬೆರಳು ಮೇಲೇರಿತು. ಗೆರೆ ಸುಳ್ಳು ಹೇಳುವುದಿಲ್ಲ ಎಂದು ನಾನು ಮೊದಲ ಸಲ ತುಸು ಹಿಗ್ಗಿದೆ.

ಹಿಗ್ಗಿದ ಮಾಸ್ತರ ಬಾಯಿ ಮುಚ್ಚಿಕೊಂಡಿರಲಾರ. ಅದೇ ನನ್ನ ಕುತ್ತಿಗೆಗೆ ಬಂತು.

ಒಂದು ಮುಂಜಾನೆ ಬೆಂಚಿನ ಮೇಲೆ ಏಳೆಂಟು ಜನ ಕೂತಿದ್ದರು. ಮೊಣಕಾಲು ನೋವಿನ ಕಾಶೀಬಾಯಿ, ಓಣಿಓಣಿ ತಿರುಗಿ ಕಾಯಿಪಲ್ಲೆ ಮಾರುವವಳು, ಸೊಂಟ ಹಿಡಿದ ಟಾಂಗಾದ ಮಹಿಬೂಬಸಾಬ, ಇನ್ನೂ ಕೆಲವರು. “ಮಾಸ್ತರ, ನೀವು ಓದಿದವ್ರು. ಈ ದೀಪದಾಗ ಏನ್ ಅದ ಹೇಳ್ರಲ್ಲ,” ಎಂದಳು ಕಾಶೀಬಾಯಿ. ಇಂಥ ಪ್ರಶ್ನೆಯನ್ನು ನಮ್ಮ ಹತ್ತನೆಯ ಇಯತ್ತೆಯ ಒಬ್ಬನೂ ಕೇಳಿರಲಿಲ್ಲ. ನಾನು ಶುರುಮಾಡಿದೆ. ಹಿಂದೆ ನಕ್ಷತ್ರ ನೋಡುವ ಒಬ್ಬ ಪಂಡಿತ ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ ಏಳು ಬಣ್ಣ ಮಾಡಿದನೆಂದೂ, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟು ನೋಡಿದನೆಂದೂ, ಕೆಂಪು ದಾಟಿ ಏನೂ ಕಾಣದ ಕಡೆ ಇಟ್ಟಾಗ ಎಲ್ಲಕ್ಕಿಂತ ಹೆಚ್ಚು ಕಾವು ಕಂಡನೆಂದೂ ಹೇಳಿದೆ. ಆ ಕಾಣದ ಕಿರಣಕ್ಕೆ ಕನ್ನಡದಲ್ಲಿ ಅವಗೆಂಪು ಎಂದೂ ಕರೆಯುತ್ತಾರೆ, ಅವರಕ್ತ ಎಂದೂ ಕರೆಯುತ್ತಾರೆ. ಅವ ಎಂದರೆ ಕೆಳಗೆ, ರಕ್ತ ಎಂದರೆ ಕೆಂಪು. ಆ ದಿನ ಅವರಿಗೆ ಅವಗೆಂಪು ಎಂದಿದ್ದರೆ ಈ ಪ್ರಬಂಧ ಬರೆಯುವ ಕೆಲಸ ಇರುತ್ತಿರಲಿಲ್ಲ. ಆದರೆ ಸಂಸ್ಕೃತ ಬಳಸಿದರೆ ಮಾತಿಗೆ ತೂಕ ಬರುತ್ತದೆಂಬ ಭ್ರಮೆ ನನಗೆ. “ನಿಮಗ ಕಾಣೂ ಕೆಂಪು ಬರೇ ತೋರಿಕಿ. ಖರೇ ಕೆಲಸ ಮಾಡೂದು ಒಳಗಿನ ಅವರಕ್ತ,” ಎಂದು ಬೆರಳೆತ್ತಿ ಹೇಳಿದೆ. ಅಷ್ಟರಲ್ಲಿ ಸಾಲೆಯ ಗಂಟೆ ಕೇಳಿಸಿತು. ಅವ ಎಂದರೇನು, ರಕ್ತ ಎಂದರೇನು ಎಂದು ಬಿಡಿಸಿ ಹೇಳುವುದನ್ನು ನಾಳೆಗೆ ಬಿಟ್ಟು ಓಡಿದೆ.

ನಾಳೆ ಬೆಂಚು ಖಾಲಿಯಿತ್ತು.

ನಾನು ಹೇಳಿದ್ದು ಅವರಕ್ತ, ಅವರು ಕೇಳಿದ್ದು ಅವರ ರಕ್ತ. ಕಾಶೀಬಾಯಿಯ ಬುಟ್ಟಿಯ ಜೊತೆ ಆ ಮಾತು ಒಂದೇ ದಿನದಲ್ಲಿ ಜೇವರ್ಗಿಯ ಎಲ್ಲ ಓಣಿ ಸುತ್ತಿತ್ತು. ಅವರ ಅಂದರೆ ಯಾರ? ಅದನ್ನು ನಾನು ಹೇಳಿರಲಿಲ್ಲವಲ್ಲ, ಒಬ್ಬೊಬ್ಬರು ಒಂದೊಂದು ತುಂಬಿಕೊಂಡರು. ಸೊಲ್ಲಾಪುರದ ದವಾಖಾನೆಯಲ್ಲಿ ಸತ್ತವರದು ಎಂದರು ಕೆಲವರು. ಅಲ್ಲ, ನಿನ್ನೆ ಕೂತವರದನ್ನು ಎಳೆದು ಇವತ್ತು ಕೂತವರಿಗೆ ಬಿಡುತ್ತದೆ ಎಂದರು ಇನ್ನು ಕೆಲವರು. ಸಾಕ್ಷಿಗೂ ಕೊರತೆಯಿರಲಿಲ್ಲ. ಶಾಖ ಬಿದ್ದಲ್ಲಿ ಚರ್ಮ ಕೆಂಪಾಗುತ್ತದೆ, ಎಲ್ಲರೂ ಕಣ್ಣಾರೆ ಕಂಡದ್ದು. ಬೆಚ್ಚಗಾದರೆ ರಕ್ತ ಆ ಕಡೆ ಹರಿದು ಬರುತ್ತದೆ, ನೋವು ಕಡಿಮೆಯಾಗಲು ಅದೂ ಒಂದು ಕಾರಣ. ಅವರ ಕಣ್ಣಿಗೆ ಅದು ದೀಪ ರಕ್ತ ಎಳೆಯುವ ಗುರುತಾಯಿತು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನಾನು. “ಸಂಶಯದ ಮಾಸ್ತರನ ಹೇಳ್ಯಾನ ಅಂದಮ್ಯಾಲ ಖರೇನ ಇರಬೇಕು,” ಎಂದರಂತೆ. ಜನ್ಮವೆಲ್ಲ ಸಂಶಯಪಟ್ಟು ಗಳಿಸಿದ ಹೆಸರು ಹೀಗೆ ಉಪಯೋಗಕ್ಕೆ ಬಂತು.

ನಳದ ಹತ್ತಿರ ಸುದ್ದಿ ಕೇಳಿಕೊಂಡು ಬಂದ ಅಕ್ಕ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮೂಲೆಯಲ್ಲಿ ಕೂತುಬಿಟ್ಟಳು. ಅರಿವೆಯಲ್ಲಿದ್ದ ಲಿಂಗ ಮತ್ತೆ ಗುಂಡಗಡಗಿಗೆ ಹೋಯಿತು. “ನಾ ಇನ್ನ ಆ ದೀಪಕ್ಕ ಬರಂಗಿಲ್ಲ,” ಎಂದಳು. “ಲಿಂಗ ಕಟ್ಟಿದ ಮೈ ಇದು. ಮಂದಿ ರಗತದ ಬೆಳಕಿನಾಗ ಗುಣ ಆದ ಕೈಮ್ಯಾಲ ಅವನ್ನ ಹ್ಯಾಂಗ ಕುಂಡರ್ಸಲಿ?” ನಾನು ಅವ ಎಂದರೆ ಕೆಳಗೆ, ರಕ್ತ ಎಂದರೆ ಕೆಂಪು ಎಂದು ಬಿಡಿಸಿ ಹೇಳಿದೆ. “ಕೆಳಗಿನ ರಗತಾ?” ಎಂದು ಇನ್ನಷ್ಟು ಗಾಬರಿಯಾದಳು. ವ್ಯಾಕರಣ ಮಾಡಿದ ಗಾಯಕ್ಕೆ ವ್ಯಾಕರಣವೇ ಮದ್ದಲ್ಲ. ಗೋಡೆಗೆ ಬೆರಳು ಹಚ್ಚುವುದನ್ನೂ ಬಿಟ್ಟಳು. ಮುಟ್ಟಿದರೆ ನೋವು, ನೋವಿಗೆ ಶಾಖವಿಲ್ಲ. ನಾಲ್ಕನೆಯ ದಿನ ಹಟಮಾಡಿ ಹಚ್ಚಿಸಿದರೆ ಬೆರಳು ಹಳೆಯ ಗೆರೆಗಿಂತ ಕೆಳಗೇ ನಿಂತಿತು. ಮರುದಿನ ಬೆಳಿಗ್ಗೆ ಪೂಜೆಯಲ್ಲಿ ಅವಳ ತಲೆ ಮತ್ತೆ ತೊಡೆಯ ಕಡೆ ಇಳಿಯುವುದನ್ನು ನೋಡಿದೆ. ನನ್ನ ನಾಲಗೆಯನ್ನು ಕಿತ್ತು ಒಗೆಯಬೇಕೆನ್ನಿಸಿತು. ಐದು ತಿಂಗಳು ಯಾರೂ ನೋಡದ ಕೈಯನ್ನು ನಾನೊಬ್ಬ ನೋಡಿದ್ದೆ, ಅದನ್ನು ನಾನೇ ಕೆಡಿಸಿದ್ದೆ.

ಆ ಸಂಜೆ ರಾಚಣ್ಣ ಮನೆಗೆ ಬಂದ. ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ, ಕಟ್ಟೆಯ ಮೇಲೆ ಕೂತ. “ಮಾಸ್ತರ, ನೀವು ಸಂಶಯ ಪಡ್ತಿದ್ರಿ, ನನಗ ಗೊತ್ತಿತ್ತು. ಪಡ್ರಿ. ಆದ್ರ ತಿಳಿಲಾರದ ಮಾತು ಯಾಕ ಹೇಳಿದ್ರಿ?” ಎಂದ. ತಿಳಿದೇ ಹೇಳಿದ್ದೆ ಎನ್ನಲು ಹೋದಾಗ ಹೊಳೆಯಿತು. ಅವನ ಮಾತಿನ ಅರ್ಥ, ಕೇಳುವವರಿಗೆ ತಿಳಿಯಲಾರದ ಮಾತು ಎಂದು. ಹೋಗುವಾಗ ಅವನು ಅಕ್ಕನ ಕೈ ಹೇಗಿದೆ ಎಂದೂ ಕೇಳಿದ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಕಿತು.

ಕೊನೆಗೆ ಬಿಡಿಸಿದವಳು ಸುಶೀಲಾ. ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಕಾಣದ ಕಿರಣದ ಬಗ್ಗೆ ಅಕ್ಕನಿಗೆ ಮೂರನೆಯ ಸಲ ಪಾಠ ಹೇಳುತ್ತಿದ್ದೆ. ಸುಶೀಲಾ ಬಡಿದ ರೊಟ್ಟಿಯನ್ನು ಎತ್ತುವ ಮುನ್ನ, ಹಂಚು ಕಾಯ್ದಿದೆಯೋ ಇಲ್ಲವೋ ಎಂದು ಅಂಗೈಯನ್ನು ಅದರ ಮೇಲೆ, ಮುಟ್ಟದೆ, ಒಂದು ಗೇಣು ಎತ್ತರದಲ್ಲಿ ಹಿಡಿದಳು. ಹಿಡಿದ ಕೈ ತೆಗೆಯದೆ, “ಅಲ್ರಿ, ಈ ಹಂಚು ಕರ್ರಗ ಅದ. ಇದರಾಗ ಯಾರ ರಗತ ಅದ? ಮುಟ್ಟದನ ಕಾವು ಕೈಗೆ ಬಡ್ಯಾಕತ್ತದ. ಕಣ್ಣಿಗೆ ಕಾಣ್ತದೇನು? ನೀವು ಹೇಳೂದು ಇದನೋ, ಬ್ಯಾರೇನೋ?” ಎಂದಳು.

“ಇದನ,” ಎಂದೆ. ಪಠ್ಯಪುಸ್ತಕದ ನಾಲ್ಕು ಪುಟ ಅವಳ ಒಂದು ಅಂಗೈಯಲ್ಲಿತ್ತು. ರಾಚಣ್ಣ ದೀಪಕ್ಕೆ ಅಂಗೈ ಒಡ್ಡುವುದನ್ನು ನಾನು ಹತ್ತು ದಿನ ನೋಡಿದ್ದೆ, ಈ ಅಡಿಗೆಮನೆಯನ್ನು ಹತ್ತು ವರ್ಷ ನೋಡಿದ್ದೆ. ಎರಡೂ ಒಂದೇ ಎಂದು ಹೊಳೆದಿರಲಿಲ್ಲ. ಅಕ್ಕ ಎದ್ದು ಬಂದು ತನ್ನ ಬಲಗೈಯನ್ನು ಹಂಚಿನ ಮೇಲೆ ಹಿಡಿದಳು. ನಲವತ್ತು ವರ್ಷದಿಂದ ದಿನಾ ಹಿಡಿದ ಕೈ ಅದು. “ಇಷ್ಟ ಹೇಳಾಕ ನಡುವ ರಗತ ಯಾಕ ತಂದ್ಯೋ ತಮ್ಮಾ?” ಎಂದಳು.

ಮರುದಿನ ಅಕ್ಕ ದೀಪಕ್ಕೆ ಬಂದಳು. ಜನ ಬಂದು ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ಅಕ್ಕ ಹೇಳಿದ ಹಂಚಿನ ಮಾತು ಹೆಂಗಸರಿಗೆ ಒಪ್ಪಿತು. ಗಂಡಸರು ಹಂಚಿನ ಹತ್ತಿರ ಹೋದವರಲ್ಲವಲ್ಲ, ಅವರಿಗೆ ಒಪ್ಪಲಿಲ್ಲ. ಮಹಿಬೂಬಸಾಬ ಸೊಂಟ ಹಿಡಿದುಕೊಂಡೇ ಮುಂದೆ ಬಂದು, “ಮಾಸ್ತರ ಸಾಬ, ಖೂನ್ ಕಾ ಮಾಮ್ಲಾ ಅದ. ಪೈಲೆ ಆಪ್ ಬೈಠೋ, ಆಮ್ಯಾಲ ನಾ ಕುಂಡರ್ತೇನಿ,” ಎಂದ. ರಕ್ತದ ವಿಷಯದಲ್ಲಿ ಮೊದಲು ನಾನೇ ಕೂರಬೇಕೆನ್ನುವುದು ನ್ಯಾಯದ ಮಾತು. ಅಂಗಿ ಬಿಚ್ಚಿದೆ. ವಿಜ್ಞಾನಕ್ಕಾಗಿ ಮೈ ಕೊಟ್ಟವರ ಬಗ್ಗೆ ಓದಿದ್ದೆ, ಅವರ ಎದೆಗೂಡನ್ನು ಕಂಡು ಕಾಯಿಪಲ್ಲೆಯವಳು ನಕ್ಕದ್ದನ್ನು ಓದಿರಲಿಲ್ಲ. ರಾಚಣ್ಣ ಲೋಟ ತಾಗಿಸಿ ನೋಡಿ, ಬೆನ್ನಿಗೆ ದೀಪ ತಿರುಗಿಸಿದ. ಎರಡು ನಿಮಿಷ ಬಿಗಿಯಾಗಿ ಕೂತಿದ್ದೆ. ಆಮೇಲೆ ಬೋರ್ಡಿನ ಮುಂದೆ ನಿಂತು ನಿಂತು ಬೆನ್ನಿನಲ್ಲಿ ಕಟ್ಟಿದ್ದ ಗಂಟುಗಳು ಒಂದೊಂದಾಗಿ ಸಡಿಲಾಗತೊಡಗಿದವು. ಅಲಾರಾಂ ಆದದ್ದು ನನಗೆ ಕೇಳಿಸಲಿಲ್ಲ. ಗೊರಕೆ ಹೊಡೆಯುತ್ತಿದ್ದೆನಂತೆ. ರಕ್ತ ಹೋಗುತ್ತಿರುವ ಮನುಷ್ಯ ಗೊರಕೆ ಹೊಡೆಯುವುದಿಲ್ಲ ಎಂದು ಮಹಿಬೂಬಸಾಬ ತೀರ್ಪು ಕೊಟ್ಟು, ನನ್ನನ್ನು ಎಬ್ಬಿಸಿ ಸ್ಟೂಲಿನ ಮೇಲೆ ತಾನು ಕೂತ. ಮನೆಗೆ ಹೋದವನೇ ಕನ್ನಡಿಯಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು, ಬಿಳುಚಿದೆಯೇ ಎಂದು ನೋಡಿಕೊಂಡೆ. ಇದನ್ನು ಯಾರಿಗೂ ಹೇಳಬೇಡಿ.

ಯುಗಾದಿ ಕಳೆಯಿತು. ಗೆರೆಗಳು ಒಂದರ ಮೇಲೊಂದು ಏರಿ, ಸುಶೀಲಾ ಗೋಡೆಗೆ ಸುಣ್ಣ ಯಾವಾಗ ಎಂದು ಕೇಳುವಷ್ಟಾದವು. ಬಿಸಿಲು ರಣಗುಡುತ್ತಿದ್ದ ದಿನಗಳವು. ದೀಪದ ಕೋಣೆಯಿಂದ ಹೊರಗೆ ಬಂದರೂ ದೀಪದ ಕೆಳಗೇ ಇದ್ದ ಹಾಗೆ ಆಗುತ್ತಿತ್ತು. ಒಂದು ಬೆಳಿಗ್ಗೆ ನಾನು ಎದ್ದು ಬಂದಾಗ ಅಕ್ಕ ಕಿಡಕಿಯ ಹತ್ತಿರ ಪೂಜೆಗೆ ಕೂತಿದ್ದಳು. ಬೆನ್ನು ನೆಟ್ಟಗಿತ್ತು. ಎಡ ಅಂಗೈ ಕಣ್ಣಿನ ಎತ್ತರಕ್ಕಿತ್ತು. ಲಿಂಗದ ಮೇಲೆ ಒಂದು ಕಣಗಿಲೆ ಹೂವು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ವಿಜ್ಞಾನದ ಮಾಸ್ತರರಿಗೆ ಯಾರೂ ಕಲಿಸಿರುವುದಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಂಡೆ.

ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಅದೇ ದಿನ ಅಕ್ಕನನ್ನು ಚೌಡಾಪುರದ ಬಸ್ಸು ಹತ್ತಿಸಲು ಸ್ಟ್ಯಾಂಡಿಗೆ ಹೋದಾಗ ನನ್ನೊಳಗೆ ಲೆಕ್ಕಾಚಾರ ನಡೆದೇ ಇತ್ತು. ಗುಣವಾದದ್ದು ದೀಪದಿಂದಲೋ? ಗೋಡೆಯಿಂದಲೋ? ಡಾಕ್ಟರು ಹೇಳಿದ ಹಾಗೆ ತಾನಾಗಿಯೇ ಸಡಿಲಾಗುವ ಕಾಲ ಬಂದಿತ್ತೋ? ಖಾನಾವಳಿಯ ಒಲೆಯಿಂದ ಎರಡು ತಿಂಗಳು ಬಿಡುವು ಸಿಕ್ಕಿತಲ್ಲ, ಅದರಿಂದಲೋ? ಒಂದು ಪ್ರಯೋಗದಲ್ಲಿ ಇಷ್ಟೆಲ್ಲ ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತೆಂದು ಹೇಳುವುದು ಸಾಧ್ಯವಿಲ್ಲ. ಇವತ್ತಿಗೂ ಯಾರಾದರೂ ಕೆಂಪು ದೀಪದಿಂದ ಎಲ್ಲ ರೋಗ ಹೋಗುತ್ತದೆ ಎಂದರೆ ನಾನು ಜೇಬು ಮುಟ್ಟಿ ನೋಡಿಕೊಳ್ಳುವವನೇ. ತಡೆಯಲಾರದೆ ಅಕ್ಕನನ್ನೇ ಕೇಳಿದೆ: “ಯಕ್ಕಾ, ನಿನಗ ಯಾವದರಿಂದ ಆರಾಮಾತು ಅನಸ್ತದ?”

ಅಕ್ಕ ವಿಚಾರ ಮಾಡಲೂ ಇಲ್ಲ. “ನಿನ್ನಿಂದೋ ತಮ್ಮಾ. ಐದು ತಿಂಗಳು ಯಾರೂ ನನ್ನ ಕೈಕಡೆ ನೋಡಿದ್ದಿಲ್ಲ. ಇಲ್ಲಿ ನೀ ದಿನಾ ಇಪ್ಪತ್ತು ನಿಮಿಷ ರೆಪ್ಪಿ ಬಡೀಲಾರದಂಗ ನನ್ನ ಭುಜಾನ ನೋಡ್ಕೋತ ಕುಂತಿದ್ದಿ. ಕಣ್ಣಮ್ಯಾಲ ಅರಿವಿ ಇದ್ರೂ ನನಗ ಗೊತ್ತಾಗತಿತ್ತು. ಯಾರು ನೋಡ್ತಾರೋ ಹಂಗ?”

ನಾನು ನೋಡುತ್ತಿದ್ದದ್ದು ದೀಪವನ್ನು. ಎಲ್ಲಿ ಮೋಸ ಮಾಡುತ್ತದೋ, ಯಾವಾಗ ಸುಡುತ್ತದೋ ಎಂದು ಅದರ ಮೇಲೆ ಕಣ್ಣಿಟ್ಟಿದ್ದೆ. ಭುಜ ನಡುವೆ ಸಿಕ್ಕಿತ್ತು, ಅಷ್ಟೇ. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು. ಅಕ್ಕ ಬಲಗೈಯಲ್ಲಿದ್ದ ಗಂಟನ್ನು ಹಾಗೇ ಹಿಡಿದುಕೊಂಡು, ಎಡಗೈಯನ್ನು ಮೇಲಕ್ಕೆತ್ತಿದಳು. ನಾನು ಅವಳಿಗಿಂತ ಒಂದು ಗೇಣು ಎತ್ತರ. ಕೈ ಅವಳ ಕಣ್ಣು ದಾಟಿ, ಹಣೆ ದಾಟಿ, ನನ್ನ ತಲೆಯ ಮೇಲೆ ಬಂದು ನಿಂತಿತು.

“ಎಡಗೈ ಅಂತ ತಪ್ಪ ತಿಳೀಬ್ಯಾಡ,” ಎಂದಳು. “ಲಿಂಗಯ್ಯ ಕುಂಡರೂ ಕೈ ಇದು.”

ಯಾರು ತಪ್ಪು ಹೇಳಿದರೂ ಅಲ್ಲೇ ತಿದ್ದಿಬಿಡುವುದು ನನ್ನ ಹಳೆಯ ಚಟ. ಬಾಯಿ ಮುಚ್ಚಿಕೊಂಡು ಅವಳನ್ನು ಬಸ್ಸು ಹತ್ತಿಸಿದೆ. ನಾನು ಅವಳ ಭುಜವನ್ನು ನೋಡುತ್ತಿದ್ದೆ ಎಂಬ ಆ ಒಂದನ್ನು ಇಂದಿನವರೆಗೂ ತಿದ್ದಿಲ್ಲ.